ಓದುಗರ ಪ್ರಶ್ನೆ: ಸೇನೆಯಿಲ್ಲದ ದೇಶವನ್ನು ಹಿಡಿದದ್ದು ಹೇಗೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ತಟಸ್ಥ ಐಸ್‌ಲ್ಯಾಂಡಿಗೆ ಸೇನೆ ಇಳಿಸಿದರಂತೆ. ಹೇಗೆ ಹಿಡಿದರು? ನಮ್ಮ ಮಾರ್ಮಗೋವಾ ಬಂದರಿನಲ್ಲಿ ಜರ್ಮನ್ ಹಡಗುಗಳೇ ನಿಂತಿದ್ದರೂ ಗೋವಾವನ್ನು ಯಾಕೆ ಹಿಡಿಯಲಿಲ್ಲ?
- ಓದುಗರೊಬ್ಬರು, ವಾಸ್ಕೋ

ಉತ್ತರ: ಐಸ್‌ಲ್ಯಾಂಡಿಗೆ ಸಾಕಾದದ್ದು 746 ನೌಕಾ ಸೈನಿಕರು, ಎರಡು ಕ್ರೂಸರ್, ಎರಡು ಡೆಸ್ಟ್ರಾಯರ್. ಅಲ್ಲಿನ ಜನಸಂಖ್ಯೆ ಸುಮಾರು 1.2 ಲಕ್ಷ, ಪೊಲೀಸರಿದ್ದರು, ಸೇನೆ ಇರಲಿಲ್ಲ. 1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕಿಗೆ ನುಗ್ಗಿತು. ಡೆನ್ಮಾರ್ಕಿನ ರಾಜನೇ ಐಸ್‌ಲ್ಯಾಂಡಿಗೂ ರಾಜ. ಅಟ್ಲಾಂಟಿಕ್ ಹಡಗುದಾರಿಯ ಪಕ್ಕದ ಆ ದ್ವೀಪವೂ ಜರ್ಮನಿಯ ಪಾಲಾದರೆ ಗತಿಯೇನು ಎಂಬ ಭಯ ಲಂಡನ್ನಿಗೆ. ನಮ್ಮ ಜೊತೆ ಸೇರಿ ಎಂದರು, ಐಸ್‌ಲ್ಯಾಂಡ್ ಒಲ್ಲೆ ಎಂದಿತು. ಮೇ 10ರ ಬೆಳಗಿನ ಜಾವ ರೇಕ್ಯಾವಿಕ್‌ಗೆ ಹಡಗುಗಳು ಬಂದವು.

ಮೊದಲು ಬಂದರಿನ ಕಟ್ಟೆ, ಕೂಡಲೇ ತಂತಿ ಕಚೇರಿ, ರೇಡಿಯೊ ಕೇಂದ್ರ, ಜರ್ಮನ್ ಕಾನ್ಸುಲರ ಮನೆ. ಸುದ್ದಿ ಹೊರಹೋಗುವ ದಾರಿ ಮುಚ್ಚಿದರೆ ಅರ್ಧ ಕೆಲಸ ಆದಂತೆ. ಆಮೇಲೆ ವಿಮಾನ ಇಳಿಯಬಹುದಾದ ಬಯಲುಗಳು, ಹಡಗು ನಿಲ್ಲುವ ಕೊಲ್ಲಿಗಳು.

ಎಡವಟ್ಟುಗಳೂ ಆದವು. ಜಲಾಂತರ್ಗಾಮಿಗಳಿವೆಯೇ ನೋಡಲು ಹೋದ ವಾಲ್ರಸ್ ವಿಮಾನ ಊರ ಮೇಲೆಯೇ ಗುಂಯ್‌ಗುಟ್ಟಿತು. ಗುಟ್ಟು ಅಲ್ಲಿಗೇ ರಟ್ಟು. ಎಚ್ಚೆತ್ತ ಜರ್ಮನ್ ಕಾನ್ಸುಲ್ ಗೆರ್ಲಾಕ್ ಸ್ನಾನದ ತೊಟ್ಟಿಯಲ್ಲಿ ಕಾಗದಪತ್ರ ಸುಡತೊಡಗಿದ. ಸೈನಿಕರಲ್ಲಿ ಬಹುಪಾಲು ಹೊಸಬರು, ಸಮುದ್ರದ ಹೊಯ್ದಾಟಕ್ಕೆ ವಾಂತಿ ಮಾಡಿ ಸುಸ್ತಾದವರು. ಎದುರಾಳಿ ಇದ್ದಿದ್ದರೆ ಕಷ್ಟವಾಗುತ್ತಿತ್ತು. ಆದರೆ ಬ್ರಿಟಿಷ್ ಕಾನ್ಸುಲ್ ಕೇಳಿಕೊಂಡಾಗ ಸ್ಥಳೀಯ ಪೊಲೀಸರೇ ಜನರನ್ನು ಹಿಂದೆ ಸರಿಸಿ ಜಾಗ ಬಿಡಿಸಿಕೊಟ್ಟರು! ಸರ್ಕಾರ ಲಿಖಿತವಾಗಿ ಪ್ರತಿಭಟಿಸಿತು, ಜೊತೆಗೇ ಸೈನಿಕರನ್ನು ಅತಿಥಿಗಳಂತೆ ಕಾಣಿರೆಂದು ಜನರಿಗೆ ಹೇಳಿತು. ಮುಂದೆ ಸೈನಿಕರ ಸಂಖ್ಯೆ 25,000ಕ್ಕೇರಿತು, ಅಂದರೆ ಐವರು ನಾಗರಿಕರಿಗೆ ಒಬ್ಬ. ಶಿಬಿರ, ರಸ್ತೆ ಕಟ್ಟುವ ಕೂಲಿಯಿಂದ ಕೈತುಂಬ ಕಾಸು ಬಂದದ್ದಕ್ಕೆ ಅಲ್ಲಿನವರು ಇಂದಿಗೂ ‘ಪುಣ್ಯದ ಯುದ್ಧ’ ಎನ್ನುವುದುಂಟು.

ಇನ್ನು ಗೋವಾ. ಪೋರ್ಚುಗೀಸರದ್ದೆಂಬ ಕಾರಣಕ್ಕೇ ಬಿಟ್ಟರು ಎನ್ನಲಾಗದು. 1941ರ ಡಿಸೆಂಬರಿನಲ್ಲಿ ಆಗ್ನೇಯ ಏಷ್ಯಾದ ಪೋರ್ಚುಗೀಸ್ ತಿಮೋರ್‌ಗೆ ಬ್ರಿಟಿಷರ ಮಿತ್ರರಾದ ಆಸ್ಟ್ರೇಲಿಯಾ, ಡಚ್ ಪಡೆಗಳು ಪೋರ್ಚುಗಲ್ಲಿನ ವಿರೋಧ ಲೆಕ್ಕಿಸದೆ ಇಳಿದವು. ಎರಡು ತಿಂಗಳಲ್ಲಿ ಜಪಾನ್ ಅದನ್ನು ಕಸಿಯಿತು. ಗೋವಾದ ಲೆಕ್ಕವೇ ಬೇರೆ. ಮೂರು ಕಡೆ ಬ್ರಿಟಿಷ್ ಆಡಳಿತದ ನೆಲ, ನಾಲ್ಕನೆಯ ಕಡೆ ಅವರದೇ ನೌಕಾಪಡೆಯ ಕಡಲು; ಹಿಡಿದು ಸಿಗುವುದು ಕಡಿಮೆ. ಹಿಡಿದರೆ ಕೈತಪ್ಪಬಹುದಾಗಿದ್ದದ್ದು ಅಟ್ಲಾಂಟಿಕ್‌ನಲ್ಲಿ ಪೋರ್ಚುಗಲ್ಲಿಗೆ ಸೇರಿದ ಅಝೋರ್ಸ್ ದ್ವೀಪಗಳಲ್ಲಿನ ನೆಲೆ. ಅದು ಬೇಕಿದ್ದರೆ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಮುನಿಯಬಾರದು. 1943ರಲ್ಲಿ ಆ ನೆಲೆ ಸಿಕ್ಕಿತು, ಇಂಗ್ಲೆಂಡ್-ಪೋರ್ಚುಗಲ್ ನಡುವಿನ 1373ರ ಹಳೆಯ ಒಪ್ಪಂದದ ಹೆಸರಿನಲ್ಲಿ. ಲಿಸ್ಬನ್ ಮುನಿಯಬಾರದೆಂದೇ ಮಾರ್ಮಗೋವಾದಲ್ಲಿ ನಿಂತಿದ್ದ ಜರ್ಮನ್ ಹಡಗು ಎರೆನ್‌ಫೆಲ್ಸ್ ಮೇಲೆ 1943ರ ಮಾರ್ಚ್ 9ರ ರಾತ್ರಿ ಸೇನೆ ಬರಲಿಲ್ಲ. ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಸ್ವಯಂಸೇವಕ ಪಡೆಯ ನಡುವಯಸ್ಸಿನ ಮಂದಿ ದೋಣಿಯಲ್ಲಿ ಬಂದರು. ಸಿಕ್ಕಿಬಿದ್ದರೂ ‘ನಮ್ಮವರಲ್ಲ’ ಎನ್ನಬಹುದಲ್ಲ. ಹಡಗುಗಳನ್ನು ಸುಟ್ಟು ಮುಳುಗಿಸಿದ್ದು ಬಹುಮಟ್ಟಿಗೆ ಅವುಗಳ ಸಿಬ್ಬಂದಿಯೇ.

ಪ್ರಶ್ನೆ: ಒಂದು ಗುಂಡೂ ಹಾರದಿದ್ದರೆ ಅದು ‘ಆಕ್ರಮಿತ ಪ್ರದೇಶ’ ಹೇಗಾಗುತ್ತದೆ?
- ವಿದ್ಯಾರ್ಥಿನಿ, ಪುಣೆ

ಉತ್ತರ: ಯುದ್ಧದ ರೀತಿನೀತಿ ಹೇಳುವ 1907ರ ಹೇಗ್ ನಿಯಮದ 42ನೇ ವಿಧಿ ನೋಡುವುದು ಗುಂಡನ್ನಲ್ಲ, ಅಧಿಕಾರವನ್ನು. ಎದುರು ಸೇನೆಯ ಮಾತು ನಿಜಕ್ಕೂ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ಆಕ್ರಮಿತ. ಪ್ರತಿರೋಧವಿಲ್ಲದ ಆಕ್ರಮಣಕ್ಕೂ ನಿಯಮಗಳು ಅನ್ವಯಿಸುತ್ತವೆಂದು 1949ರ ಜಿನೀವಾ ಒಪ್ಪಂದಗಳ 2ನೇ ವಿಧಿ ಬಿಡಿಸಿ ಹೇಳಿತು. ಹೇಗ್‌ನ 52ನೇ ವಿಧಿಯನ್ನೂ ಓದಿ: ಊರಿನಿಂದ ಸಾಮಾನು ಪಡೆದರೆ ಆದಷ್ಟೂ ನಗದು ಕೊಡಬೇಕು, ಇಲ್ಲವಾದರೆ ರಸೀದಿ ಬರೆದು ಬೇಗನೆ ಹಣ ಚುಕ್ತಾ ಮಾಡಬೇಕು.