ಹಕ್ಕರಕಿ ಬಿಟ್ಟ ಹುಡುಗಿ

ಹೆಸರು, ಊರು, ಮನೆಯ ಕೆಲವು ಸಂಗತಿ ಬದಲಿಸಿದ್ದೇನೆ. ಅವಳನ್ನು ಗೌರಿ ಅನ್ನೋಣ. ಬರೆಯಲು ಅವಳೇ ಒಪ್ಪಿದ್ದಾಳೆ.

ವಯಸ್ಸು 22. ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು, ಹತ್ತನೇ ಇಯತ್ತೆವರೆಗೆ ಕನ್ನಡ ಮಾಧ್ಯಮ. ಈಗ ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ., ಮೂರನೇ ಸೆಮಿಸ್ಟರ್, ಪ್ಯಾರಾಸೈಟಾಲಜಿ, ಅಂದರೆ ಪರಾವಲಂಬಿ ಜೀವಿಗಳ ಪೇಪರ್ ಇದೆ. ರೂಮ್‌ಮೇಟ್ ಕೈ ಹಿಡಿದು ಆಪ್ತಸಲಹೆಗೆ ನನ್ನ ಹತ್ತಿರ ಕರೆತಂದಳು. ಮೆಸ್ಸಿನಲ್ಲಿ ಬರೀ ಅನ್ನ ತಿಳಿಸಾರು ತಿಂದು ಮೂರು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದಳು, ಕೈ ತೊಳೆದೂ ತೊಳೆದೂ ಬೆರಳ ಸಂದಿಯ ಚರ್ಮ ಬಿರಿದಿತ್ತು.

"ತಲ್ಯಾಗ ಹುಳಾ ಅದಾವು ಅಂತ ಅನಸ್ತೈತ್ರಿ ಮೇಡಮ್."

ನನ್ನ ಮೊದಲ ಪ್ರಶ್ನೆ ಸ್ವಲ್ಪ ವಿಚಿತ್ರ ಅನಿಸಬಹುದು. ಏನಾದರೂ ಡಬ್ಬಿಯಲ್ಲಿ ತಂದಿದ್ದೀಯಾ ಅಂತ ಕೇಳಿದೆ. ಮೈಯಲ್ಲಿ ಹುಳ ಇವೆ ಅಂತ ಗಟ್ಟಿಯಾಗಿ ನಂಬಿಬಿಟ್ಟವರು ಕಡ್ಡಿಪೆಟ್ಟಿಗೆಯಲ್ಲಿ ದಾರದ ಎಳೆ, ಚರ್ಮದ ಚೂರು ಹಾಕಿಕೊಂಡು ಸಾಕ್ಷಿ ಸಮೇತ ಬರುವುದುಂಟು, ಆ ಕಾಯಿಲೆಯೇ ಬೇರೆ, ಅದಕ್ಕೆ ಮನೋವೈದ್ಯರೇ ಬೇಕು. ಗೌರಿ ಏನೂ ತಂದಿರಲಿಲ್ಲ. "ಇಲ್ಲದನೂ ಇರಬಹುದ್ರಿ, ನನಗ ಗೊತ್ತಾಗವಲ್ದು" ಅಂದಳು. ಆ 'ಇಲ್ಲದನೂ ಇರಬಹುದು' ಕೇಳಿ ನನಗೆ ಅರ್ಧ ಸಮಾಧಾನ ಆಯ್ತು. ಇದು ಭ್ರಮೆ ಅಲ್ಲ, ಹೆದರಿಕೆ. ರೋಗಗಳ ಬಗ್ಗೆ ಓದುವವರಿಗೆ ಓದಿದ ರೋಗವೇ ತಮಗೂ ಬಂದಂತೆ ಅನಿಸುವುದು ಮೆಡಿಕಲ್ ಕಾಲೇಜುಗಳಲ್ಲಿ ಹಳೇ ಕಥೆ.

ಶುರುವಾದದ್ದು ಒಂದು ಕ್ಲಾಸಿನಲ್ಲಿ. ಲಾಡಿಹುಳದ ಪಾಠ, ಟೀನಿಯಾ ಸೋಲಿಯಂ. ಪಾಠ ಮಾಡಿದವರು ಆ ಹುಳದ ಚೀಲಗಳಿದ್ದ ಮೆದುಳಿನ ಸ್ಕ್ಯಾನ್ ತೋರಿಸಿ, ಕ್ಯಾಬೇಜ್ ತಿನ್ನೋರು ಹುಷಾರಪ್ಪ ಅಂತ ನಕ್ಕರಂತೆ. ಕ್ಲಾಸೆಲ್ಲ ನಕ್ಕಿತು. ಗೌರಿ ಆವತ್ತೇ ಮೆಡಿಕಲ್ ಶಾಪಿಗೆ ಹೋಗಿ ಅಲ್ಬೆಂಡಜೋಲ್ ಅನ್ನೋ ಹುಳದ ಮಾತ್ರೆ ತಂದು ನುಂಗಿದಳು. ಆಮೇಲೆ ಹದಿನೈದು ದಿನಕ್ಕೊಂದು. ನನ್ನ ಹತ್ತಿರ ಬರುವಷ್ಟರಲ್ಲಿ ಆರಾಗಿತ್ತು.

ಇಲ್ಲಿ ನಾನು ಸುಮ್ನೆ ಕೂರಲಿಲ್ಲ. ಶಾಲೆಯಲ್ಲಿ ಜಂತುಹುಳಕ್ಕೆ ಕೊಡುವ 400 ಮಿಲಿಗ್ರಾಂನ ಒಂದು ಮಾತ್ರೆ ಬೇರೆ, ಹೇಳೋರು ಕೇಳೋರಿಲ್ಲದೆ ಮೇಲಿಂದ ಮೇಲೆ ನುಂಗುವುದು ಬೇರೆ. ಪಿತ್ತಜನಕಾಂಗಕ್ಕೆ ಪೆಟ್ಟು ಬೀಳಬಹುದು. ಅದಕ್ಕಿಂತ ಜಾಸ್ತಿ, ಮೆದುಳಿನಲ್ಲಿ ನಿಜವಾಗಿ ಹುಳದ ಚೀಲ ಇದ್ದರೆ ಔಷಧಿಗೆ ಅದು ಸಾಯುವಾಗ ಸುತ್ತಲಿನ ಭಾಗ ಬಾತು ಫಿಟ್ಸ್ ಬರಬಹುದು, ಅದಕ್ಕೇ ಡಾಕ್ಟರು ಜೊತೆಗೆ ಸ್ಟೀರಾಯ್ಡ್ ಕೊಟ್ಟು ಎಚ್ಚರದಿಂದ ನಡೆಸುತ್ತಾರೆ. ಇದನ್ನೆಲ್ಲ ಹೇಳಿ, ಉಳಿದ ಮಾತ್ರೆ ಇಸಿದುಕೊಂಡು, ಮರುದಿನವೇ ಫಿಜಿಶಿಯನ್ ಹತ್ತಿರ ಕಳಿಸಿದೆ. ಅವರು ಪರೀಕ್ಷೆ ಮಾಡಿ, ಮಲ, ರಕ್ತ ಒಮ್ಮೆ ನೋಡಿ, ಸ್ಕ್ಯಾನ್ ಬೇಡ ಅಂದರು.

ಒಂದು ವಾರ ಚೆನ್ನಾಗಿದ್ದಳು. ಆಮೇಲೆ ಮತ್ತೆ ಅದೇ.

ನಾನು ಎಡವಿದ್ದು ಇಲ್ಲೇ. ಹೆದರಿಕೆ ಅವಳ ತಲೆಯ ಬಗ್ಗೆ ಅಂದುಕೊಂಡಿದ್ದೆ. ಎರಡನೇ ಭೇಟಿಯಲ್ಲಿ ಊಟದ ಮಾತು ತೆಗೆದು, ಮೆಸ್ ಬಿಡು, ಊರಿಗೆ ಹೋದಾಗ ರೊಟ್ಟಿ ಜೊತೆ ಏನು ತಿಂತೀ ಅಂದೆ. ನಮ್ಮ ಕಡೆ ಊಟ ಅಂದರೆ ತಾಟಿನ ಅಂಚಿಗೆ ಹಸಿ ಹಕ್ಕರಕಿ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಇರಲೇಬೇಕಲ್ವಾ. "ಹಕ್ಕರಕಿ ಬಿಟ್ಟೀನ್ರಿ" ಅಂದವಳು ಅಳೋಕೆ ಶುರು ಮಾಡಿದಳು.

ತಮ್ಮ ಏಳನೇ ಇಯತ್ತೆಯಲ್ಲಿದ್ದಾಗ ಅವನಿಗೆ ಫಿಟ್ಸ್ ಬಂದಿತ್ತು. ಓಣಿಯವರು ಕೈಗೆ ಕೀಲಿಕೈ ಕೊಟ್ಟರು, ಉಳ್ಳಾಗಡ್ಡಿ ಮೂಸಿಸಿದರು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೆದುಳಿನಲ್ಲಿ ಒಂದೇ ಒಂದು ಸಣ್ಣ ಗಂಟು, ಹುಳದ್ದು ಅಂದರು. ಔಷಧಿಯಲ್ಲಿ ಹೋಯಿತು. ಈಗ ಹುಡುಗ ಪಿಯುಸಿ ಎರಡನೇ ವರ್ಷ, ಆರಾಮಾಗಿದ್ದಾನೆ. ಮನೆಯವರು ಮರೆತೇಬಿಟ್ಟಿದ್ದ ವಿಷಯ. ಆದರೆ ಅವ್ವ ಹೊಲಕ್ಕೆ ಹೋದಾಗ ತಮ್ಮನಿಗೆ ಉಣ್ಣಿಸುತ್ತಿದ್ದದ್ದು ಗೌರಿ. ಕಾಲುವೆ ದಂಡೆಯ ಹಕ್ಕರಕಿ ಕಿತ್ತು, ಅದೇ ನೀರಲ್ಲಿ ಜಾಲಾಡಿಸಿ ಕೊಡುತ್ತಿದ್ದದ್ದೂ ಗೌರಿ. "ನಾನ ತಿನ್ನಿಸೀನ್ರಿ. ನನ್ನ ಹೊಟ್ಟ್ಯಾಗಿನ ಹುಳಾನ ಅವಂಗ ಹೋಗೇತಿ."

ನಿನ್ನ ತಪ್ಪಲ್ಲ ಬಿಡು ಅಂತ ಹೇಳಬಹುದಿತ್ತು. ಹೇಳಲಿಲ್ಲ. ಆ ಮಾತನ್ನು ಬೇಗ ಹೇಳಿದರೆ ಎದುರಿಗಿದ್ದವರು ಬಾಯಿ ಮುಚ್ಚುತ್ತಾರೆ, ಅಷ್ಟೇ. ಕಾಗದ ಪೆನ್ಸಿಲ್ ಕೊಟ್ಟು, ಆ ಹುಳದ ಜೀವನಚಕ್ರ ಬರಿ ಅಂದೆ. ತಲೆ ಎತ್ತದೆ ಬರೆದಳು, ಬಲು ಚೊಕ್ಕವಾಗಿ. ಮನುಷ್ಯನ ಕರುಳಿನಲ್ಲಿ ದೊಡ್ಡ ಹುಳ, ಮಲದಲ್ಲಿ ತತ್ತಿ, ಅದನ್ನು ತಿಂದ ಹಂದಿ, ಹಂದಿಯ ಮಾಂಸದಲ್ಲಿ ಚೀಲ, ಅರೆಬೆಂದ ಆ ಮಾಂಸದಿಂದ ಮತ್ತೆ ಮನುಷ್ಯನ ಕರುಳು. ಪಕ್ಕಕ್ಕೆ ಇನ್ನೊಂದು ಬಾಣ: ತತ್ತಿ ನೇರ ಮನುಷ್ಯನ ಬಾಯಿಗೆ ಹೋದರೆ ಚೀಲ ಮೆದುಳಿನಲ್ಲಿ.

"ತತ್ತಿ ಯಾರ ಹೊಟ್ಟಿಯಿಂದ ಬರ್ತಾವವಾ?"

"ದೊಡ್ಡ ಹುಳಾ ಇದ್ದೋರದ್ರಿ."

"ಆ ದೊಡ್ಡ ಹುಳಾ ನಿನ್ನ ಹೊಟ್ಟಿಗೆ ಹೆಂಗ ಬಂತು?"

ಪೆನ್ಸಿಲ್ ಹಂದಿಯ ಮೇಲೆ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು.

"ನಮ್ಮ ಮನ್ಯಾಗ ಕೋಳಿ ತತ್ತೀನೂ ತರಂಗಿಲ್ರಿ ಮೇಡಮ್."

ಅಷ್ಟೇ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆಯುವ ಚಿತ್ರವನ್ನು ಅವಳು ತನ್ನ ಮನೆಯ ಮೇಲಿಟ್ಟು ಒಮ್ಮೆಯೂ ನೋಡಿರಲಿಲ್ಲ. ಹಂದಿ ಮಾಂಸ ಮುಟ್ಟದವಳ ಕರುಳಿನಲ್ಲಿ ಆ ಲಾಡಿಹುಳ ಬೆಳೆಯುವ ದಾರಿಯೇ ಇಲ್ಲ. ಸಸ್ಯಾಹಾರಿಗೆ ಮೆದುಳಿನ ಚೀಲ ಬರಬಹುದು, ಬೇರೆ ಯಾರದೋ ಹೊಟ್ಟೆಯ ತತ್ತಿ ನೀರು ಮಣ್ಣಿನಿಂದ ಬಾಯಿಗೆ ಬಂದರೆ. ಹಾಗಾದ್ರೆ ಹಕ್ಕರಕಿಯಿಂದಲೇ ಬಂದಿರಬಹುದಲ್ರಿ ಅಂತ ತಕ್ಷಣ ಹಿಡಿದಳು. ಬಂದಿರಬಹುದು, ಸುಳ್ಳು ಹೇಳಲ್ಲ ಅಂದೆ. ಕುಡಿಯುವ ನೀರು, ಜಾತ್ರೆಯ ತಿಂಡಿ, ಯಾರದೋ ತೊಳೆಯದ ಕೈ ಕೂಡ ಇರಬಹುದು. ಕಾಲುವೆ ದಂಡೆಗೆ ಬಯಲಿಗೆ ಹೋಗುವ ಊರಿನಲ್ಲಿ ಹದಿಹರೆಯದ ಹುಡುಗಿಯ ಕೈಯೊಂದನ್ನೇ ಹಿಡಿದು ಯಾಕೆ ಕೂತಿದ್ದೀ ಅಂತ ಕೇಳಿದೆ.

ಆಮೇಲಿನ ಸಲಹೆಗಳು ಸಾದಾ. ಮತ್ತೆ ಟೆಸ್ಟ್ ಇಲ್ಲ, ಮೊಬೈಲಿನಲ್ಲಿ ಲಕ್ಷಣ ಹುಡುಕೋದು ಬಂದ್. ಊಟಕ್ಕೆ ಮುಂಚೆ, ಸಂಡಾಸಿಗೆ ಹೋಗಿಬಂದ ಮೇಲೆ ಸೋಪು ಹಚ್ಚಿ ಒಂದೇ ಸಲ ಕೈ ತೊಳೆ. ಇನ್ನೊಮ್ಮೆ ತೊಳೀಬೇಕು ಅನಿಸಿದರೆ ಹತ್ತು ನಿಮಿಷ ತಡಿ, ಬೆವರು ಬಂದರೂ ತಡಿ. ಮೊದಲು ಬೇಯಿಸಿದ ಕ್ಯಾಬೇಜ್ ಪಲ್ಯ, ಆಮೇಲೆ ಸಿಪ್ಪೆ ತೆಗೆದ ಸೌತೆಕಾಯಿ, ಕೊನೆಗೆ ಹಕ್ಕರಕಿ. ನಾಲ್ಕು ವಾರದಲ್ಲಿ ತೂಕ ಏರದಿದ್ದರೆ, ನಿದ್ದೆ ಬರದಿದ್ದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ, ಔಷಧಿ ಬೇಕಾದರೆ ತಗೊಳ್ಳೋಣ, ಅದರಲ್ಲಿ ನಾಚಿಕೆ ಏನಿಲ್ಲ ಅಂತ ಮೊದಲೇ ಹೇಳಿಟ್ಟೆ. ಆ ಪ್ರಮೇಯ ಬರಲಿಲ್ಲ.

ಓದಿನದ್ದು ಇನ್ನೊಂದು ತೊಡಕು. ಸ್ಲೈಡ್ ನೋಡೋಕೆ ಹೆದರಿ ಮೂರು ಪ್ರಾಕ್ಟಿಕಲ್ ತಪ್ಪಿಸಿದ್ದಳು. ಹೆಸರುಗಳೆಲ್ಲ ಬಾಯಿಪಾಠ. ಆ ಹುಳದ ಚೀಲಕ್ಕಿರುವ ಹೆಸರು ಸಿಸ್ಟಿಸರ್ಕಸ್ ಅಂದರೆ ಗ್ರೀಕ್‌ನಲ್ಲಿ ಚೀಲ ಮತ್ತು ಬಾಲ, ಅಷ್ಟೇ ಕಣೆ ಅಂದಾಗ ನಕ್ಕಳು. ಚಕ್ರಗಳನ್ನು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತಾ ಅಂದೆ. ಕುಡಿಯುವ ನೀರಿನಿಂದ ಹುಳ ಮೈಗೆ ಸೇರಿ ಬರುತ್ತಿದ್ದ ನಾರುಹುಣ್ಣಿನ ಬಗ್ಗೆ ನಿಮ್ಮ ಆಯಿಗೆ, ಅಂದರೆ ಅಜ್ಜಿಗೆ, ಕೇಳಿಕೊಂಡು ಬಾ ಅಂತಲೂ ಹೇಳಿದೆ. ಆಯಿಯ ತವರು ರಾಯಚೂರು ಕಡೆ. ಮೆಟ್ಟಿಲು ಬಾವಿಗೆ ಇಳಿದು ನೀರು ತರುತ್ತಿದ್ದದ್ದು, ಕಾಲಿನಿಂದ ಹೊರಬಂದ ಹುಳವನ್ನು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯುತ್ತಿದ್ದದ್ದು, ಎಲ್ಲ ಹೇಳಿ ಕಾಲಿನ ಕಲೆ ತೋರಿಸಿದರಂತೆ. ಅದಕ್ಕೆ ಲಸಿಕೆ ಇರಲಿಲ್ಲ, ಕೊಲ್ಲುವ ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಹುಣ್ಣಿದ್ದವರನ್ನು ಬಾವಿಗೆ ಇಳಿಸದೆ ಆ ರೋಗವನ್ನು ಓಡಿಸಿದ್ದು. 2000ದಲ್ಲಿ ಭಾರತ ಅದರಿಂದ ಮುಕ್ತ ಅಂತ ಘೋಷಣೆ ಆಯ್ತು. ಗೌರಿ ಆ ಚಕ್ರ ಬರೆದು, ಬಟ್ಟೆ ಅಡ್ಡ ಬರುವ ಜಾಗಕ್ಕೆ ಕೆಂಪು ಗೆರೆ ಎಳೆದು ತಂದಿದ್ದಳು.

ತಮ್ಮನಿಗೆ ನೀನೇ ಫೋನ್ ಮಾಡಿ ಹೇಳು ಅಂತ ಬಹಳ ದಿನದಿಂದ ಹೇಳುತ್ತಿದ್ದೆ. ಕೊನೆಗೆ ಮಾಡಿದಳು. ಎಲ್ಲ ಕೇಳಿಸಿಕೊಂಡ ಹುಡುಗ, "ಯಕ್ಕಾ, ನನಗ ಹಕ್ಕರಕಿ ಸೇರೂದ ಇಲ್ಲ. ನೀ ಕೊಟ್ಟದ್ದು ನಾ ಎಮ್ಮಿಗೆ ಹಾಕ್ತಿದ್ದೆ" ಅಂದನಂತೆ.

ನಿಜವೋ, ಅಕ್ಕನ ಸಮಾಧಾನಕ್ಕೆ ಹೇಳಿದ್ದೋ, ಗೌರಿಗೂ ಗೊತ್ತಿಲ್ಲ. ನಾನೂ ಕೆದಕಲಿಲ್ಲ.