ಸಿಡಿ ಕೊಟ್ರೂ ಡಿ ಡ್ರೈವ್‌ಗೆ ಹೋಗ್ತಿಲ್ವಾ?

ಪ್ರಶ್ನೆ: ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಫೋಲ್ಡರ್ ಬದಲಾಯಿಸೋ ಸಿಡಿ (cd) ಕಮಾಂಡ್ ಬಳಸಿ ‘ಸಿಡಿ ಡಿ:\ಫೋಟೋಸ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಎರರ್ರೂ ಬರಲ್ಲ, ಡಿ ಡ್ರೈವ್‌ಗೂ ಹೋಗಲ್ಲ, ಸಿ ಡ್ರೈವನ್ನೇ ತೋರಿಸ್ಕೊಂಡು ಕೂತಿರುತ್ತೆ. ಫೋಲ್ಡರ್ ಇರೋದಂತೂ ಗ್ಯಾರಂಟಿ. ಏನ್ ಮಾಡ್ಲಿ?

ಉತ್ತರ: ಎರರ್ ಬಂದಿಲ್ಲ ಅಂದ್ರೆ ಕಮಾಂಡ್ ಕೆಲ್ಸ ಮಾಡಿದೆ ಅಂತ್ಲೇ ಲೆಕ್ಕ, ನೀವು ಅಂದ್ಕೊಂಡ ಕೆಲ್ಸ ಮಾಡಿಲ್ಲ ಅಷ್ಟೇ. ಈಗ ಬರೀ ‘ಡಿ:’ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಸೀದಾ ಫೋಟೋಸ್ ಒಳಗೇ ಹೋಗಿ ನಿಲ್ತೀರ. ಯಾಕಂದ್ರೆ ಈ ಪ್ರಾಂಪ್ಟ್‌ಗೆ ಡ್ರೈವ್ ಬೇರೆ, ಡೈರೆಕ್ಟರಿ ಅಂದ್ರೆ ಫೋಲ್ಡರ್ ಬೇರೆ, ಒಂದೊಂದು ಡ್ರೈವ್‌ನಲ್ಲೂ ನೀವು ಯಾವ ಫೋಲ್ಡರ್‌ನಲ್ಲಿದ್ರಿ ಅಂತ ಬೇರೆ ಬೇರೆಯಾಗಿ ನೆನಪಿಟ್ಕೊಳ್ಳುತ್ತೆ, ನಿಮ್ಮ ಸಿಡಿ ಆ ನೆನಪನ್ನ ಮಾತ್ರ ಬದಲಾಯಿಸ್ತು. ಇದು ವಿಂಡೋಸ್‌ಗಿಂತ ಮುಂಚಿನ ಆಪರೇಟಿಂಗ್ ಸಿಸ್ಟಂ ಡಾಸ್ ಕಾಲದ ಬಳುವಳಿ: 1981ರ ಮೊದಲ ಡಾಸ್‌ನಲ್ಲಿ ಫೋಲ್ಡರ್ ಅನ್ನೋದೇ ಇರ್ಲಿಲ್ಲ, ಬರೀ ಡ್ರೈವ್ ಅಕ್ಷರಗಳು, ಫೋಲ್ಡರ್ ಬಂದಿದ್ದು 1983ರ ಎರಡನೇ ಆವೃತ್ತಿಲಿ.

ಒಂದೇ ಏಟಿಗೆ ಹೋಗ್ಬೇಕಾ, ‘ಸಿಡಿ /ಡಿ ಡಿ:\ಫೋಟೋಸ್’ ಅನ್ನಿ. ಈ ‘/ಡಿ’ ಅಂದ್ರೆ ನಿಮ್ಮ ಡಿ ಡ್ರೈವ್ ಅಲ್ಲ, ಡ್ರೈವನ್ನೂ ಬದಲಾಯಿಸು ಅಂತ ಹೇಳೋ ಸ್ವಿಚ್, ಇ ಡ್ರೈವ್‌ಗೆ ಹೋಗೋವಾಗ್ಲೂ ಅದು ‘/ಡಿ’ನೇ. ಇಲ್ಲೇ ತುಂಬಾ ಜನ ‘/ಇ’ ಅಂತ ಹಾಕಿ ತಲೆ ಕೆಡಿಸ್ಕೊಳ್ತಾರೆ.

ಬ್ಯಾಚ್ ಫೈಲ್ (ಒಂದರ ಹಿಂದೆ ಒಂದು ಓಡೋ ಕಮಾಂಡ್‌ಗಳ ಪಟ್ಟಿ) ಬರೆಯೋರು ಮಾತ್ರ ಇದನ್ನ ಹಗುರವಾಗಿ ತಗೋಬೇಡಿ. ಮೊದಲ ಸಾಲು ‘ಸಿಡಿ ಡಿ:\ಟೆಂಪ್’, ಎರಡನೇ ಸಾಲು ‘ಡೆಲ್ /ಕ್ಯೂ *.*’ (ಕೇಳದೇ ಎಲ್ಲ ಫೈಲ್ ಅಳಿಸು) ಅಂತಿದೆ ಅಂದ್ಕೊಳ್ಳಿ, ಸ್ಕ್ರಿಪ್ಟು ಇನ್ನೂ ಸಿ ಡ್ರೈವ್‌ನಲ್ಲೇ ಇರುತ್ತೆ, ಅಲ್ಲಿ ನೀವು ನಿಂತಿರೋ ಫೋಲ್ಡರ್‌ನಲ್ಲಿರೋ ಫೈಲ್‌ಗಳೇ ಹೋಗ್ತವೆ, ಒಂದು ಮಾತೂ ಕೇಳಲ್ಲ, ರೀಸೈಕಲ್ ಬಿನ್‌ನಲ್ಲೂ ಸಿಗಲ್ಲ. ಅಳಿಸೋ ಕಮಾಂಡ್‌ಗೆ ಪೂರ್ತಿ ಪಾತ್ (ಡ್ರೈವ್, ಫೋಲ್ಡರ್ ಎರಡೂ ಸೇರಿಸಿ) ಕೊಡೋದೇ ವಾಸಿ.

ಪ್ರಶ್ನೆ: ನೀವು ಹೇಳೋ ‘ಸಿಡಿ /ಡಿ’ ವಿಂಡೋಸ್‌ನ ಇನ್ನೊಂದು ಕಮಾಂಡ್ ವಿಂಡೋ ಆದ ಪವರ್‌ಶೆಲ್‌ನಲ್ಲಿ ಕೆಂಪಕ್ಷರದಲ್ಲಿ ಎರರ್ ಕೊಡುತ್ತಲ್ಲ?

ಉತ್ತರ: ಕೊಡ್ಲೇಬೇಕು. ಅಲ್ಲಿ ಸಿಡಿ ಅನ್ನೋದು ಸೆಟ್-ಲೊಕೇಶನ್ ಅನ್ನೋ ಬೇರೆ ಕಮಾಂಡ್‌ನ ಅಡ್ಡಹೆಸರು, ಅದಕ್ಕೆ ಆ ಸ್ವಿಚ್ಚೇ ಗೊತ್ತಿಲ್ಲ, ಬೇಕಾಗೂ ಇಲ್ಲ, ‘ಸಿಡಿ ಡಿ:\ಫೋಟೋಸ್’ ಅಂದ್ರೆ ಸಾಕು ಡ್ರೈವೂ ಬದಲಾಗುತ್ತೆ. ಫೋಲ್ಡರ್ ಹೆಸರಲ್ಲಿ ಸ್ಪೇಸ್ ಇದ್ರೆ ಕೋಟ್ಸ್ ಹಾಕಿ, ಇಲ್ಲಾ ನಾಲ್ಕಕ್ಷರ ಟೈಪ್ ಮಾಡಿ ಟ್ಯಾಬ್ ಒತ್ತಿ, ಕೋಟ್ಸ್ ಅದೇ ಹಾಕ್ಕೊಳ್ಳುತ್ತೆ. ಹೋಗಿ ವಾಪಸ್ ಬರೋ ಕೆಲ್ಸ ಆದ್ರೆ ಹೋಗೋಕೆ ಪುಶ್‌ಡಿ, ವಾಪಸ್ ಬರೋಕೆ ಪಾಪ್‌ಡಿ ಬಳಸಿ, ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್ ಎರಡು ಕಡೆನೂ ನಡೆಯುತ್ತೆ, ಡ್ರೈವ್ ಬದಲಾಯಿಸೋಕೂ ತಕರಾರು ಮಾಡಲ್ಲ.