ಜೆಉಸ್ಸಲ್, ಬುಸ್ಸಲ್

"ಅಕ್ಕ, ಬುಡಾಪೆಸ್ಟಿಗೆ ಹೊಸದಾಗಿ ಬಂದಿದ್ದೀವಿ. ಮಗಳಿಗೆ ಶಾಲೆಯಲ್ಲಿ ಗ್ರೀಕ್ ಪುರಾಣದ ಪಾಠ. ಒಂದೇ ದೇವರ ಹೆಸರು ಸಾಲಿಗೊಂದು ಥರ ಇದೆ. ಈ ಹಂಗೇರಿಯನ್ ಭಾಷೆ ನಮ್ಮ ತಲೆಗೆ ಹತ್ತುತ್ತಾ?" ಅಂತ ಕೇಳಿದ್ದೀರಿ.

ಖಂಡಿತ ಹತ್ತುತ್ತದೆ. ಇಂಗ್ಲಿಷ್ ಮೂಲಕ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ.

ಗ್ರೀಕರ ದೇವರಾಜನಿಗೆ ಇಲ್ಲಿ ಜೆಉಸ್ ಅಂತಾರೆ. ಕೊನೆಯ ಸಕಾರಕ್ಕೆ ಎಸ್, ಝಡ್ ಎರಡನ್ನೂ ಸೇರಿಸಿ ಬರೆಯುತ್ತಾರೆ. ಬರೀ ಎಸ್ ಇದ್ದರೆ ಅದು ಶಕಾರ. ಅದಕ್ಕೇ ಇಲ್ಲಿಯವರ ಬಾಯಲ್ಲಿ ಊರು ಬುಡಾಪೆಶ್ಟ್. ಜೆಉಸನನ್ನು ಅನ್ನಲು ಜೆಉಸ್ತ್, ಜೆಉಸನಿಗೆ ಅನ್ನಲು ಜೆಉಸ್‌ನಕ್. ರಾಮನನ್ನು, ರಾಮನಿಗೆ ಅಂದ ಹಾಗೇ ಅಲ್ವಾ? ವಿಭಕ್ತಿ ಹೆಸರಿನ ಬೆನ್ನಿಗೇ ಅಂಟಿಕೊಳ್ಳುತ್ತದೆ.

"ಜೊತೆ" ಅನ್ನುವ ಅರ್ಥದ ವಲ್ ಇದೆಯಲ್ಲ, ಅದನ್ನು ಮಗಳ ಜೊತೆ ಕೂತು ನಿಧಾನವಾಗಿ ನೋಡಿ. ಹೆಸರು ವ್ಯಂಜನದಲ್ಲಿ ಮುಗಿದರೆ ವಕಾರ ಬಿದ್ದುಹೋಗಿ ಆ ವ್ಯಂಜನಕ್ಕೇ ಒತ್ತು ಬರುತ್ತದೆ: ಜೆಉಸ್ಸಲ್. ಬರೆಯುವಾಗ ಎಸ್ ಮಾತ್ರ ಎರಡು, ಝಡ್ ಒಂದೇ. ಅವನ ಹೆಂಡತಿ ಹೇರ. ಆ ಹೆಸರು ಸ್ವರದಲ್ಲಿ ಮುಗಿಯುವುದರಿಂದ ವಕಾರ ಉಳಿಯುತ್ತದೆ. ಆದರೆ ಕೊನೆಯ ಅಕಾರ ದೀರ್ಘವಾಗಿ ಹೇರಾವಲ್ ಆಗುತ್ತದೆ.

ಇಷ್ಟು ಗೊತ್ತಾದರೆ ಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಉಪಯೋಗಕ್ಕೆ ಬರುತ್ತದೆ. ಬಸ್ಸಿನಲ್ಲಿ ಹೋಗುವುದಕ್ಕೆ ಬುಸ್ಸಲ್. ನಾವೂ ಬಸ್ ಅನ್ನುವುದನ್ನು ಬಸ್ಸಿಗೆ, ಬಸ್ಸಿನಲ್ಲಿ ಅಂತೀವಲ್ಲ, ಅದೇ ಒತ್ತು! ಮೆಟ್ರೋ ಆದರೆ ಮೆಟ್ರೋವಲ್. ಕಾಫಿಗೆ ಸಕ್ಕರೆ ಬೇಕಿದ್ದರೆ ತ್ಸುಕೊರ್ರಲ್, ಹಾಲು ಬೇಕಿದ್ದರೆ ತೆಯ್ಯೆಲ್.

ತೆಯ್ಯೆಲ್‌ನಲ್ಲಿ ಎಕಾರ ಬಂತು, ನೋಡಿದಿರಾ? ನಿಜವಾಗಿ ಕಷ್ಟ ಇರುವುದು ಇಲ್ಲೇ. ಪದದೊಳಗಿನ ಸ್ವರ ನೋಡಿಕೊಂಡು ವಲ್ ಅಥವಾ ವೆಲ್, ನಕ್ ಅಥವಾ ನೆಕ್ ಬರುತ್ತದೆ. ಅಥೀನಾ ದೇವಿಗೆ ಇಲ್ಲಿ ಅತೇನೇ ಅಂತಾರೆ, ಅವಳ ಜೊತೆ ಅಂದರೆ ಅತೇನೇವೆಲ್. ಕನ್ನಡದಲ್ಲಿ ಈ ಥರದ ನಿಯಮ ಇಲ್ಲ. ಪಟ್ಟಿ ಮಾಡಿ ಉರುಹೊಡೆಯುವುದಕ್ಕಿಂತ ಟ್ರಾಮಿನಲ್ಲಿ, ಅಂಗಡಿಯಲ್ಲಿ ಜನ ಮಾತಾಡುವುದನ್ನು ಸುಮ್ನೆ ಕೇಳಿಸಿಕೊಳ್ಳಿ. ಕಿವಿ ಪಳಗಬೇಕು, ಅದಕ್ಕೆ ಸಮಯ ಜಾಸ್ತಿ ಬೇಕು.

ಇನ್ನೊಂದು ವಿಷಯ. ಮಗಳ ಹೆಸರಿಗೂ ಟೀಚರ್ ಇದೇ ಬಾಲ ಹಚ್ಚುತ್ತಾರೆ. ಲತಾ ಅಂತ ಇದ್ದರೆ ಲತಾವಲ್, ಲತಾನಕ್. ಶಾಲೆಯಿಂದ ಬಂದ ಚೀಟಿಯಲ್ಲಿ ಹಾಗೆ ಕಂಡರೆ ಹೆಸರು ತಪ್ಪಾಗಿದೆ ಅಂತ ತಿದ್ದಿಸಲು ಹೋಗಬೇಡಿ. ಅರ್ಜಿಗಳಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ.